ಲೇತ್‌ನಲ್ಲಿ ಕಚ್ಚಿಕೊಂಡ ಗ್ರಬ್ ಸ್ಕ್ರೂ: ಯಾವ ದಾರಿ ಮೊದಲು, ಯಾವುದು ಕೊನೆಗೆ

ಲೇತ್‌ನ ಹೆಡ್‌ಸ್ಟಾಕ್, ಅಂದರೆ ಸ್ಪಿಂಡಲ್ ಎಂಬ ಮುಖ್ಯ ಶಾಫ್ಟ್ ಕೂತಿರುವ ಭಾಗವನ್ನು ಬಿಚ್ಚುವುದು ಅರ್ಧ ದಿನದ ಕೆಲಸವೆಂದು ಲೆಕ್ಕ ಹಾಕಿದವರನ್ನು ಎರಡು ದಿನ ಕೂರಿಸುವ ಶಕ್ತಿ ಆರು ಮಿಲಿಮೀಟರ್ ದಪ್ಪದ ಒಂದು ಗ್ರಬ್ ಸ್ಕ್ರೂಗೆ ಇದೆ. ತಲೆಯಿಲ್ಲದ, ರಂಧ್ರದೊಳಗೆ ಪೂರ್ತಿ ಮುಳುಗಿ ಕುಳಿತಿರುವ ಈ ಸ್ಕ್ರೂ ಪುಲ್ಲಿಯನ್ನು ಶಾಫ್ಟಿಗೆ, ಡಯಲನ್ನು ಕ್ರಾಸ್ ಸ್ಲೈಡ್‌ನ ಸ್ಕ್ರೂಗೆ, ಕಾಲರನ್ನು ಲೀಡ್ ಸ್ಕ್ರೂಗೆ ಹಿಡಿದಿಡುತ್ತದೆ. ಸ್ಪಿಂಡಲ್ ಬೇರಿಂಗ್‌ನ ನಟ್ಟು ಅಲುಗದಂತೆ ಕಾಯುವುದೂ ಅನೇಕ ಯಂತ್ರಗಳಲ್ಲಿ ಇದೇ. ಅದು ತುಕ್ಕು ಹಿಡಿದು ಕಚ್ಚಿಕೊಂಡಾಗ, ಅಥವಾ ಅದರ ಆರು ಮೂಲೆಯ ಗುಳಿ ಸವೆದು ಅಲೆನ್ ಕೀ ಬರಿದೇ ತಿರುಗತೊಡಗಿದಾಗ, ಅಕ್ಕಪಕ್ಕದವರು ಹೇಳುವ ಉಪಾಯಗಳಿಗೇನೂ ಕೊರತೆಯಿರುವುದಿಲ್ಲ. ಅವುಗಳಲ್ಲಿ ಬಹುತೇಕ ಎಲ್ಲವೂ ಎಲ್ಲೋ ಒಂದು ಕಡೆ ಫಲ ಕೊಟ್ಟಿರುವಂಥವೇ. ಆದ್ದರಿಂದ ಯಾವ ಉಪಾಯ ಒಳ್ಳೆಯದು ಎಂದು ಕೇಳುವುದಕ್ಕಿಂತ, ಒಂದು ಉಪಾಯ ಸೋತರೆ ಅದು ಮುಂದಿನ ಯಾವ ಉಪಾಯಗಳ ಬಾಗಿಲು ಮುಚ್ಚಿ ಹೋಗುತ್ತದೆ ಎಂದು ಕೇಳುವುದು ಲೇಸು. ಕೆಳಗಿನ ಹೋಲಿಕೆಯನ್ನು ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಮಾಡಲಾಗಿದೆ.

ಕೈ ಹಾಕುವ ಮೊದಲು

ಮೊದಲ ಸಂಶಯ ಕೀ ಮೇಲೆಯೇ ಬರಬೇಕು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದದ್ದು 1941ರಲ್ಲಿ. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ ಕಾನೂನು ಬಂದದ್ದು 1956ರಲ್ಲಿ. ಆ ನಡುವಿನ ಕಾಲದ ಯಂತ್ರಗಳೂ, ಇಂಗ್ಲೆಂಡಿನಿಂದ ಬಂದು ಕೈಯಿಂದ ಕೈಗೆ ಮಾರಾಟವಾಗುತ್ತ ಸಣ್ಣ ಶೆಡ್ಡುಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಲೇತ್‌ಗಳೂ ಸಾಮಾನ್ಯವಾಗಿ ಇಂಚಿನ ಲೆಕ್ಕದವು. ಕಾಲು ಇಂಚಿನ ಗ್ರಬ್ ಸ್ಕ್ರೂಗೆ ಬೇಕಾದದ್ದು 1/8 ಇಂಚಿನ, ಅಂದರೆ 3.175 ಮಿ.ಮೀ. ಕೀ. ಅದರೊಳಗೆ 3 ಮಿ.ಮೀ. ಕೀ ಸಲೀಸಾಗಿ ಇಳಿಯುತ್ತದೆ; ಸಲೀಸಾಗಿ ಇಳಿಯುವುದರಿಂದಲೇ ಮೋಸವಾಗುತ್ತದೆ. ಉಳಿದ 0.175 ಮಿ.ಮೀ. ಸಂದಿನಲ್ಲಿ ಕೀ ಓರೆಯಾಗಿ ನಿಂತು ಗುಳಿಯ ಮೂಲೆಗಳನ್ನು ಮಾತ್ರ ಒತ್ತುತ್ತದೆ, ಮತ್ತು ಎರಡನೇ ಪ್ರಯತ್ನಕ್ಕೆ ಮೂಲೆಗಳೇ ಉಳಿದಿರುವುದಿಲ್ಲ. 5/16 ಇಂಚಿನ ಸ್ಕ್ರೂಗೆ 5/32 ಇಂಚಿನ, 3/8 ಇಂಚಿನದಕ್ಕೆ 3/16 ಇಂಚಿನ ಕೀ ಬೇಕು. ಮೆಟ್ರಿಕ್ ಆದರೆ ಎಂ 5ಕ್ಕೆ (5 ಮಿ.ಮೀ. ವ್ಯಾಸದ ಸ್ಕ್ರೂಗೆ) 2.5, ಎಂ 6ಕ್ಕೆ 3, ಎಂ 8ಕ್ಕೆ 4, ಎಂ 10ಕ್ಕೆ 5 ಮಿ.ಮೀ. ಎಂಬುದು ನಿಗದಿಯಾದ ಅಳತೆ.

ಎರಡನೆಯದು ಗುಳಿಯ ಆಳ. ಪೇಂಟು, ಒಣಗಿದ ಗ್ರೀಸು, ಬೀಡು ಕಬ್ಬಿಣದ ಸಣ್ಣ ಪುಡಿ ಇವೆಲ್ಲ ಸೇರಿ ಗುಳಿಯ ತಳದಲ್ಲಿ ಗಟ್ಟಿಯಾಗಿರುತ್ತವೆ, ಆದ್ದರಿಂದ ಕೀ ಅರ್ಧಕ್ಕೆ ಮಾತ್ರ ಇಳಿದಿದ್ದರೂ ಪೂರ್ತಿ ಇಳಿದಂತೆ ಭಾಸವಾಗುತ್ತದೆ. ಗೆರೆ ಎಳೆಯುವ ಸೂಜಿಯಿಂದ ಕೆರೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಗಾಳಿ ಹೊಡೆದು, ಟಾರ್ಚ್ ಬೆಳಕಿನಲ್ಲಿ ಆರೂ ಮುಖಗಳು ಕಾಣುವ ತನಕ ಕೀ ಮುಟ್ಟಬಾರದು. ಮೂರನೆಯದಾಗಿ, ಒಂದರ ಮೇಲೊಂದು ಎರಡು ಸ್ಕ್ರೂಗಳಿರುವ ಸಾಧ್ಯತೆಯನ್ನು ಮರೆಯಬಾರದು. ಕೆಳಗಿನದು ಶಾಫ್ಟನ್ನು ಒತ್ತಿದರೆ ಮೇಲಿನದು ಕೆಳಗಿನದನ್ನು ಬಂಧಿಸುತ್ತದೆ. ಮೇಲಿನದು ಬಂದ ಖುಷಿಯಲ್ಲಿ ಪುಲ್ಲಿಗೆ ಎಳೆದು ಕಳಚುವ ಪುಲ್ಲರ್ ಹಾಕಿ, ಪುಲ್ಲಿಯ ಅಂಚು ಮುರಿದುಕೊಂಡವರ ಸಾಲಿನಲ್ಲಿ ಈ ಬರಹಗಾರನೂ ಒಬ್ಬ.

ಕೊನೆಗೆ ಸುತ್ತಲಿನ ಲೋಹ ಮತ್ತು ಸ್ಕ್ರೂವಿನ ತುದಿ. ಸ್ಕ್ರೂ ಹೋದರೆ ಹೋಗಲಿ, ಕೆಲವೇ ರೂಪಾಯಿಯ ವಸ್ತು. ಕಾಪಾಡಬೇಕಾದದ್ದು ಅದರ ಸುತ್ತಲಿನ ಬೀಡು ಕಬ್ಬಿಣ, ಹಿತ್ತಾಳೆ ಅಥವಾ ಅಲ್ಯೂಮಿನಿಯಂ. ತುದಿ ಬಟ್ಟಲಿನಂತಿದ್ದರೆ ಅದು ಶಾಫ್ಟಿನ ಮೈಯನ್ನು ಕಚ್ಚಿ ಸುತ್ತ ಸಣ್ಣ ಅಂಚು ಎಬ್ಬಿಸಿರುತ್ತದೆ; ಉದ್ದ ಮೂಗಿನ ತುದಿಯಾದರೆ ಶಾಫ್ಟಿನಲ್ಲಿ ಕೊರೆದ ರಂಧ್ರದೊಳಗೇ ಇಳಿದಿರುತ್ತದೆ, ಅಂಥದ್ದನ್ನು ಬಲವಂತವಾಗಿ ಎಳೆದು ಬಿಡಿಸುವ ಪ್ರಶ್ನೆಯೇ ಇಲ್ಲ. ಯಂತ್ರದ ಪುಸ್ತಕವಿದ್ದರೆ ಬಿಡಿಭಾಗಗಳ ಚಿತ್ರದಲ್ಲಿ ಇದು ಸಿಗುತ್ತದೆ. ಪುಸ್ತಕವಿಲ್ಲದಿದ್ದರೆ ಅದೇ ಯಂತ್ರದ ಇನ್ನೊಂದು ಗ್ರಬ್ ಸ್ಕ್ರೂ ಬಿಚ್ಚಿ ನೋಡುವುದು ಒಂದು ದಾರಿ.

ಗುಳಿ ಇನ್ನೂ ಗಟ್ಟಿಯಿದ್ದರೆ

ಈ ಹಂತದಲ್ಲಿ ಪೈಪೋಟಿ ಇರುವುದು ಮೂರರ ನಡುವೆ: ಒಳ್ಳೆಯ ಕೀ, ಎಣ್ಣೆ, ಬಿಸಿ. ಮೂರೂ ಯಾವ ಬಾಗಿಲನ್ನೂ ಮುಚ್ಚುವುದಿಲ್ಲ, ಆದ್ದರಿಂದ ಇವುಗಳಿಗೆ ಕೊಡುವ ಸಮಯ ಎಂದೂ ವ್ಯರ್ಥವಲ್ಲ.

ಕೀ ವಿಷಯದಲ್ಲಿ ಜಿಪುಣತನ ಸಲ್ಲದು. ರಸ್ತೆ ಬದಿಯ ಸೆಟ್ಟಿನ ಕೀ ಸ್ಕ್ರೂಗಿಂತ ಮೆದುವಾಗಿರುತ್ತದೆ. ಅದು ಮೊದಲು ತಾನು ತಿರುಚಿಕೊಂಡು, ಬಳಿಕ ಗುಳಿಯನ್ನೂ ಕೆಡಿಸುತ್ತದೆ. ಅನ್‌ಬ್ರಾಕೋದಂಥ ಗಟ್ಟಿ ಉಕ್ಕಿನ ಕೀ ಇದ್ದರೆ ಅದರ ತುದಿಯ ಎರಡು ಮೂರು ಮಿಲಿಮೀಟರನ್ನು ಗ್ರೈಂಡರಿನಲ್ಲಿ, ನೀರಿನಲ್ಲಿ ಅದ್ದಿ ಅದ್ದಿ ತಣಿಸುತ್ತ ಕತ್ತರಿಸಿ ತೆಗೆದರೆ ಹೊಸ ಚೂಪು ಮೂಲೆಗಳು ಸಿಗುತ್ತವೆ. ಗುಂಡು ತುದಿಯ ಕೀಯನ್ನು ಈ ಕೆಲಸಕ್ಕೆ ಬಳಸಲೇಬಾರದು, ಅದರ ಕುತ್ತಿಗೆ ಗುಳಿಯೊಳಗೇ ಮುರಿದರೆ ಸಮಸ್ಯೆ ಎರಡಾಗುತ್ತದೆ. ಎಲ್ ಆಕಾರದ ಕೀಗಿಂತ ನೇರವಾದ ಬಿಟ್ಟನ್ನು ಟಿ ಹಿಡಿಕೆಗೆ ಹಾಕಿ ತಿರುಗಿಸುವುದು ಮೇಲು. ಬಲ ಎರಡೂ ಕೈಗೆ ಸಮನಾಗಿ ಹಂಚಿ ಕೀ ಓರೆಯಾಗುವುದು ತಪ್ಪುತ್ತದೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ತುಕ್ಕಿನ ಹಿಡಿತ ಎಷ್ಟೋ ಸಲ ಅಲ್ಲೇ ಒಡೆಯುತ್ತದೆ.

ಎಣ್ಣೆಯ ಬಗ್ಗೆ ನಂಬಿಕೆಗಳೇ ಹೆಚ್ಚು. ಡಬ್ಲ್ಯೂಡಿ-40 ಎಲ್ಲ ಕಡೆ ಸಿಗುತ್ತದೆ, ಸೀಮೆಎಣ್ಣೆ ಅಗ್ಗ, ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ದ್ರವವನ್ನು ಸಮಪಾಲು ಬೆರೆಸಿದ ಮಿಶ್ರಣಕ್ಕೂ ಅಭಿಮಾನಿಗಳಿದ್ದಾರೆ. ಆ ಮಿಶ್ರಣ ಕ್ಷಣದಲ್ಲಿ ಹೊತ್ತಿಕೊಳ್ಳುವಂಥದು, ಬೆರೆಸಿಟ್ಟ ಡಬ್ಬಿಯ ಹತ್ತಿರ ಗ್ಯಾಸ್ ಟಾರ್ಚ್ ಹಚ್ಚುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಇವುಗಳ ನಡುವಿನ ವ್ಯತ್ಯಾಸಕ್ಕಿಂತ ಕಾಯುವ ಅವಧಿಯ ವ್ಯತ್ಯಾಸ ದೊಡ್ಡದು. ರಂಧ್ರದ ಬಾಯಿ ಮೇಲ್ಮುಖವಾಗುವಂತೆ ಭಾಗವನ್ನು ತಿರುಗಿಸಿಟ್ಟು, ಸಂಜೆ ಎಣ್ಣೆ ತುಂಬಿ, ಗುಳಿಯೊಳಗೆ ಸರಿಹೊಂದುವ ಪಂಚ್ ಇಟ್ಟು ಹಗುರವಾಗಿ ನಾಲ್ಕಾರು ಸಲ ತಟ್ಟಿ, ಬೆಳಿಗ್ಗೆ ಮತ್ತೆ ತಟ್ಟುವವನಿಗೆ ಸೀಮೆಎಣ್ಣೆಯಲ್ಲೂ ಕೆಲಸವಾಗುತ್ತದೆ. ಸ್ಕ್ರೂಗೆ ಲಾಕ್‌ಟೈಟ್‌ನಂಥ ಅಂಟು ಹಾಕಿದ್ದರೆ ಮಾತ್ರ ಎಣ್ಣೆ ಎಷ್ಟು ದಿನ ನಿಂತರೂ ನಿಷ್ಪ್ರಯೋಜಕ. ಥ್ರೆಡ್ಡಿನ ಬಾಯಲ್ಲಿ ನೀಲಿ ಅಥವಾ ಕೆಂಪು ಪುಡಿ ಕಂಡರೆ ನೇರವಾಗಿ ಬಿಸಿಯ ದಾರಿ ಹಿಡಿಯಬೇಕು. ಅಂಥ ಅಂಟು ಸಡಿಲಾಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು, ಮತ್ತು ಆ ಬಿಸಿ ಇರುವಾಗಲೇ ತಿರುಗಿಸಬೇಕು.

ಬಿಸಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಸುತ್ತಲಿನ ಲೋಹದ ಮೇಲೆ ನಿಂತಿದೆ. ಉಕ್ಕಿಗಿಂತ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಂ 8 ಸ್ಕ್ರೂ ಕೂತಿರುವ ಅಲ್ಯೂಮಿನಿಯಂ ಪುಲ್ಲಿಯನ್ನು 150 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ಥ್ರೆಡ್ಡಿನಲ್ಲಿ ನೂರನೇ ಒಂದು ಮಿಲಿಮೀಟರಿಗೂ ತುಸು ಹೆಚ್ಚು ಸಂದು ಸಿಗುತ್ತದೆ. ಅಷ್ಟು ಸಾಕು. ಬೀಡು ಕಬ್ಬಿಣ ಮತ್ತು ಉಕ್ಕು ಹಿಗ್ಗುವುದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಹಾಗಾಗಿ ಅಲ್ಲಿ ಇಡೀ ಭಾಗವನ್ನು ನಿಧಾನವಾಗಿ ಕಾಯಿಸಿ ಲಾಭವಿಲ್ಲ; ಬಾಸ್‌ನ (ಸ್ಕ್ರೂ ಕೂತಿರುವ ಉಬ್ಬು ಭಾಗದ) ಹೊರಮೈಗೆ ಬೇಗನೆ ಬಿಸಿ ತಾಗಿಸಿ, ಒಳಗಿನ ಸ್ಕ್ರೂ ಕಾಯುವ ಮೊದಲೇ ತಿರುಗಿಸಬೇಕು, ಅಥವಾ ಕಾಯಿಸಿ ತಣಿಸುವ ಸುತ್ತನ್ನು ಮೂರು ನಾಲ್ಕು ಸಲ ಮಾಡಿ ತುಕ್ಕನ್ನು ಬಿರುಕು ಬಿಡಿಸಬೇಕು. ಉಷ್ಣಮಾಪಕ ಇಲ್ಲದವರು ಸಾಮಾನ್ಯ ತವರ-ಸೀಸದ ಸೋಲ್ಡರ್ ತಂತಿಯನ್ನು ಮುಟ್ಟಿಸಿ ನೋಡಬಹುದು, ಅದು 190 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಬಿಸಿಯ ಮಿತಿ ಬರುವುದು ನೆರೆಹೊರೆಯಿಂದ: ರೋಲರ್ ಬೇರಿಂಗ್‌ಗಳನ್ನು 125 ಡಿಗ್ರಿ ದಾಟಿಸಬಾರದು, ರಬ್ಬರ್ ಆಯಿಲ್ ಸೀಲ್‌ಗಳು 100ರ ಆಚೆಗೆ ಕೆಡತೊಡಗುತ್ತವೆ, ವಿ ಬೆಲ್ಟನ್ನು ಮೊದಲೇ ತೆಗೆದಿಡಬೇಕು. ಮೇನ್ ಸ್ವಿಚ್ ತೆಗೆದು, ಬೆಡ್ಡಿನ ಮೇಲಿನ ಎಣ್ಣೆ ಒರೆಸಿ, ಒದ್ದೆ ಗೋಣಿಚೀಲ ಹೊದಿಸಿದ ಮೇಲೆಯೇ ಗ್ಯಾಸ್ ಟಾರ್ಚ್ ಹಚ್ಚಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ, ಆದರೂ ಹೇಳಿದ್ದೇನೆ.

ಗುಳಿ ಸವೆದ ಮೇಲೆ

ಇಲ್ಲಿಂದ ಮುಂದೆ ಆಯ್ಕೆ ನಿಜವಾಗಿ ಕಷ್ಟದ್ದು, ಏಕೆಂದರೆ ಪ್ರತಿ ಉಪಾಯಕ್ಕೂ ಬೆಲೆಯಿದೆ.

ಸವೆದ ಗುಳಿಗೆ ತುಸು ದೊಡ್ಡ, ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ಬಡಿದು ಕೂರಿಸುವುದು ಮೊದಲು ಪ್ರಯತ್ನಿಸಬಹುದಾದ ದಾರಿ. 3 ಮಿ.ಮೀ. ಗುಳಿಗೆ ಸಾಮಾನ್ಯವಾಗಿ ಟಿ 20, 4 ಮಿ.ಮೀ. ಗುಳಿಗೆ ಟಿ 25 ಅಥವಾ ಟಿ 27 ಹೊಂದುತ್ತದೆ. ಇಂಚಿನ ಮತ್ತು ಮೆಟ್ರಿಕ್ ಕೀಗಳನ್ನು ಅದಲುಬದಲು ಮಾಡಿ ಬಡಿಯುವುದಕ್ಕಿಂತ ಇದು ಉತ್ತಮ, ಏಕೆಂದರೆ ಟಾರ್ಕ್ಸ್‌ನ ಏಣುಗಳು ಗುಳಿಯ ಗೋಡೆಯನ್ನು ಕೊರೆದುಕೊಂಡು ಹೊಸ ಹಿಡಿತ ಮಾಡಿಕೊಳ್ಳುತ್ತವೆ. ತೊಂದರೆ ಎರಡು. ಗುಳಿಯ ಗೋಡೆ ತೆಳುವಾಗಿರುವ ಸಣ್ಣ ಸ್ಕ್ರೂಗಳಲ್ಲಿ ಬಿಟ್ ಬೆಣೆಯಂತೆ ವರ್ತಿಸಿ ಸ್ಕ್ರೂವನ್ನು ಹೊರಕ್ಕೆ ಹಿಗ್ಗಿಸುತ್ತದೆ, ಥ್ರೆಡ್ ಇನ್ನಷ್ಟು ಬಿಗಿಯಾಗುತ್ತದೆ. ಎಂ 5 ಮತ್ತು ಅದಕ್ಕಿಂತ ಚಿಕ್ಕದಕ್ಕೆ ನಾನು ಇದನ್ನು ಮಾಡುವುದಿಲ್ಲ. ಇನ್ನೊಂದು, ಸುತ್ತಿಗೆಯ ಏಟು ಸ್ಪಿಂಡಲ್ ಮೂಲಕ ಬೇರಿಂಗಿಗೆ ಹೋಗಿ ಅದರ ಹಾದಿಯಲ್ಲಿ ರೋಲರ್‌ಗಳ ಅಚ್ಚು ಮೂಡಿಸುತ್ತದೆ. ಪುಲ್ಲಿಯ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಏಟು ನೆಲಕ್ಕೆ ಹೋಗುವಂತೆ ಮಾಡಬೇಕು. ಇದು ಸೋತರೂ ಡ್ರಿಲ್ ಮಾಡುವ ದಾರಿ ತೆರೆದೇ ಇರುತ್ತದೆ, ಬಿಟ್ ಒಳಗೆ ಮುರಿಯದಿದ್ದರೆ.

ಈಸಿ ಔಟ್ ಎಂದು ಅಂಗಡಿಯಲ್ಲಿ ಮಾರುವ ಎಡಸುತ್ತಿನ ಎಕ್ಸ್‌ಟ್ರ್ಯಾಕ್ಟರ್ ಈ ಕೆಲಸಕ್ಕೆ ನನ್ನ ಲೆಕ್ಕದಲ್ಲಿ ಕೊನೆಯ ಸ್ಥಾನದ್ದು. ತಲೆ ಮುರಿದ ದೊಡ್ಡ ಬೋಲ್ಟಿಗೆ ಅದು ಸರಿ. ಗ್ರಬ್ ಸ್ಕ್ರೂವಿನ 3 ಮಿ.ಮೀ. ಗುಳಿಗೆ ಹೋಗುವಷ್ಟು ಸಪೂರದ ಎಕ್ಸ್‌ಟ್ರ್ಯಾಕ್ಟರ್ ಗಾಜಿನಂತೆ ಮುರಿಯುತ್ತದೆ. ಮುರಿದ ತುಂಡು ಸ್ಕ್ರೂಗಿಂತ ಗಟ್ಟಿ, ಅದನ್ನು ಸಾಮಾನ್ಯ ಡ್ರಿಲ್ ಬಿಟ್ ಮುಟ್ಟುವುದೂ ಇಲ್ಲ. ಕೀಯಿಂದ ಬಾರದಿದ್ದ ಸ್ಕ್ರೂ, ಕೀಗಿಂತ ಕಡಿಮೆ ಬಲ ತಡೆಯುವ ಉಪಕರಣದಿಂದ ಬರುತ್ತದೆಂದು ನಿರೀಕ್ಷಿಸುವುದಕ್ಕೆ ಕಾರಣ ನನಗೆ ಕಂಡಿಲ್ಲ.

ವೆಲ್ಡಿಂಗ್ ಮಾಡಿ ನಟ್ಟು ಅಂಟಿಸುವ ಉಪಾಯದಲ್ಲಿ ನಿಜವಾಗಿ ಕೆಲಸ ಮಾಡುವುದು ಸ್ಕ್ರೂವಿನ ಒಳಗಿನಿಂದಲೇ ಬರುವ ಬಿಸಿ. ಸ್ಕ್ರೂ ಕೆಂಪಾಗಿ ಹಿಗ್ಗಲು ಹೋಗಿ, ತಣಿಯುವಾಗ ಕುಗ್ಗಿ, ತುಕ್ಕಿನ ಹಿಡಿತ ಕಳಚುತ್ತದೆ. ಸ್ಕ್ರೂವಿನ ಬಾಯಿ ಮೇಲ್ಮೈಗೆ ಸಮನಾಗಿದ್ದರೆ ಇದರಷ್ಟು ಬೇಗ ಮುಗಿಯುವ ಕೆಲಸ ಬೇರೆಯಿಲ್ಲ. ಆದರೆ ಲೇತ್‌ನ ಗ್ರಬ್ ಸ್ಕ್ರೂ ಸಾಮಾನ್ಯವಾಗಿ ಐದಾರು ಮಿಲಿಮೀಟರ್ ಆಳದಲ್ಲಿರುತ್ತದೆ, ರಾಡ್ ಅಲ್ಲಿಗೆ ತಲುಪುವ ಮೊದಲೇ ರಂಧ್ರದ ಗೋಡೆಗೆ ಹೊತ್ತಿಕೊಳ್ಳುತ್ತದೆ. ರಂಧ್ರದೊಳಗೆ ತಾಮ್ರದ ತೆಳು ಕೊಳವೆ ಇಳಿಸಿ ಗೋಡೆಯನ್ನು ಕಾಪಾಡದೆ ಮುಂದುವರಿದರೆ ಸ್ಕ್ರೂ ಪುಲ್ಲಿಗೆ ಶಾಶ್ವತವಾಗಿ ಬೆಸೆದುಹೋಗುತ್ತದೆ. ಸೋತ ವೆಲ್ಡಿಂಗ್ ಡ್ರಿಲ್ಲಿನ ಬಾಗಿಲನ್ನೂ ಅರ್ಧ ಮುಚ್ಚುತ್ತದೆ, ಏಕೆಂದರೆ ಬೇಗ ತಣಿದ ಜಾಗ ಇನ್ನಷ್ಟು ಗಡುಸಾಗಿರುತ್ತದೆ. ಇನ್ನೊಂದು ಎಚ್ಚರಿಕೆಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ: ಅರ್ತ್ ಕ್ಲಾಂಪನ್ನು ಬೆಡ್ಡಿಗೆ ಹಾಕಿ ಸ್ಪಿಂಡಲ್ ಮೇಲಿನ ಪುಲ್ಲಿಗೆ ವೆಲ್ಡ್ ಮಾಡಿದರೆ ಕರೆಂಟು ಹರಿಯುವುದು ಬೇರಿಂಗ್‌ಗಳ ಮೂಲಕ, ಅಲ್ಲಿ ಕಿಡಿ ಹಾರಿದ ಪ್ರತಿ ಜಾಗದಲ್ಲೂ ಚುಕ್ಕೆ ಬೀಳುತ್ತದೆ. ಕ್ಲಾಂಪ್ ಪುಲ್ಲಿಯ ಮೇಲೆಯೇ ಇರಬೇಕು, ಡಿಆರ್‌ಒ (ಅಳತೆ ತೋರಿಸುವ ಡಿಜಿಟಲ್ ಪರದೆ) ಅಥವಾ ಮೋಟಾರ್ ಡ್ರೈವ್ ಇದ್ದರೆ ಅದರ ತಂತಿ ಬಿಚ್ಚಿಡಬೇಕು.

ಡ್ರಿಲ್ ಮಾಡುವುದು

ನಿಧಾನವಾದರೂ ನಾನು ಹೆಚ್ಚು ನಂಬುವ ದಾರಿ ಇದು. ಗ್ರಬ್ ಸ್ಕ್ರೂಗಳ ಉಕ್ಕು ಸಾಮಾನ್ಯವಾಗಿ 45ಎಚ್ ದರ್ಜೆಯದು, ಅಂದರೆ ಗಡಸುತನ ಕನಿಷ್ಠ 450 ವಿಕರ್ಸ್, ರಾಕ್‌ವೆಲ್ ಲೆಕ್ಕದಲ್ಲಿ ಸುಮಾರು 45. ಸಾಮಾನ್ಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಇದರ ಮೇಲೆ ಕಿರುಗುಟ್ಟಿ ತುದಿ ಸುಟ್ಟುಕೊಳ್ಳುತ್ತದೆ. ಕೋಬಾಲ್ಟ್ ಬೆರೆಸಿದ ಬಿಟ್ ಅಥವಾ ಗಟ್ಟಿ ಕಾರ್ಬೈಡ್ ಬಿಟ್ ಬೇಕು. ಕಾರ್ಬೈಡ್ ಬಿಟ್ ಅನ್ನು ಕೈ ಡ್ರಿಲ್ಲಿನಲ್ಲಿ ಹಿಡಿದರೆ ಮುರಿಯುವುದು ಖಚಿತ, ಅದು ಡ್ರಿಲ್ ಪ್ರೆಸ್ಸಿಗೋ ಮಿಲ್ಲಿಂಗ್ ಮೆಷಿನ್ನಿಗೋ ಮಾತ್ರ ಮೀಸಲು. ಕೋಬಾಲ್ಟ್ 4 ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ 600ರಿಂದ 700 ಸುತ್ತು, ಗಟ್ಟಿಯಾದ ಒತ್ತಡ, ಬಿಡದೆ ಎಣ್ಣೆ. ಬಿಟ್ ಕೊರೆಯದೆ ಉಜ್ಜುತ್ತಿದೆ ಎನಿಸಿದ ಕೂಡಲೇ ನಿಲ್ಲಿಸಬೇಕು.

ಸ್ಕ್ರೂವಿನ ಗುಳಿಯೇ ಮಧ್ಯಬಿಂದುವನ್ನು ಹಿಡಿದುಕೊಡುತ್ತದೆ ಎಂಬುದು ಇಲ್ಲಿನ ದೊಡ್ಡ ಅನುಕೂಲ. ಅನಾನುಕೂಲವೆಂದರೆ ಸುತ್ತಲಿನ ಬೀಡು ಸ್ಕ್ರೂಗಿಂತ ಮೆದು. ಬಿಟ್ ಒಮ್ಮೆ ಪಕ್ಕಕ್ಕೆ ಸರಿದರೆ ಮೆದುವಾದ ಕಡೆಗೇ ಓಡುತ್ತದೆ. ಇದನ್ನು ತಡೆಯಲು ಸ್ಕ್ರೂವಿನ ಮೇಲೆ ಉಳಿದಿರುವ ರಂಧ್ರದೊಳಗೆ ಸರಿಯಾಗಿ ಕೂರುವ ಒಂದು ಸಣ್ಣ ಬುಷ್ (ಬಿಟ್ಟಿಗೆ ದಾರಿ ತೋರಿಸುವ ಕೊಳವೆ) ಮಾಡಿಸಬೇಕು: ಎಂ 8 ರಂಧ್ರಕ್ಕೆ ಹೊರವ್ಯಾಸ 6.6 ಮಿ.ಮೀ., ಒಳವ್ಯಾಸ ಮೊದಲ ಬಿಟ್ಟಿನಷ್ಟು. ನಿಮ್ಮ ಲೇತ್ ಬಿಚ್ಚಿಕೊಂಡು ಕೂತಿರುವುದರಿಂದ ಇದಕ್ಕೆ ಪಕ್ಕದ ಶೆಡ್ಡಿನವರನ್ನೇ ಕೇಳಬೇಕಾಗುತ್ತದೆ. ಎಂ 6 ಸ್ಕ್ರೂಗೆ 3.5, 4.2, ಆಮೇಲೆ 4.8 ಎಂದು ಹಂತ ಹಂತವಾಗಿ ಹೋದರೆ ಕೊನೆಗೆ ಉಳಿಯುವುದು ಸ್ಪ್ರಿಂಗಿನಂಥ ತೆಳು ಸುರುಳಿ, ಅದನ್ನು ಸೂಜಿಯಿಂದ ಎತ್ತಿ, ಥ್ರೆಡ್ ಕೊರೆಯುವ ಎಂ 6 ಟ್ಯಾಪ್ ಓಡಿಸಿ ಥ್ರೆಡ್ಡನ್ನು ಶುಚಿ ಮಾಡಬಹುದು.

ಎಡಸುತ್ತಿನ ಡ್ರಿಲ್ ಬಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಕೊರೆಯುವಾಗ ಸ್ಕ್ರೂವನ್ನು ಬಿಚ್ಚುವ ದಿಕ್ಕಿಗೇ ತಳ್ಳುತ್ತದೆ. ತುದಿಯ ಒತ್ತಡ ಇಳಿದ ಕ್ಷಣದಲ್ಲಿ ಸ್ಕ್ರೂ ಬಿಟ್ಟಿಗೆ ಕಚ್ಚಿಕೊಂಡು ತಾನೇ ಮೇಲೆ ಬರುವುದುಂಟು. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇದನ್ನು ಇಟ್ಟಿರುವುದು ಅಪರೂಪ; ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಹುಡುಕಬೇಕು ಅಥವಾ ಮುಂಚೆಯೇ ತರಿಸಿಟ್ಟುಕೊಳ್ಳಬೇಕು.

ಇದರ ಒಂದು ಮಧ್ಯದ ದಾರಿಯನ್ನು ಮರೆಯಬಾರದು. ಸ್ಕ್ರೂವನ್ನು ಪೂರ್ತಿ ತೆಗೆಯದೆ, ಗುಳಿಯ ಮೂಲಕ ಅದರ ತುದಿಯವರೆಗೆ ಮಾತ್ರ ಕೊರೆದರೆ, ಶಾಫ್ಟನ್ನು ಒತ್ತುತ್ತಿದ್ದ ಭಾಗ ಪುಡಿಯಾಗಿ ಹಿಡಿತ ಹೋಗುತ್ತದೆ. ಆಗ ಪುಲ್ಲಿಯನ್ನು ಸ್ಕ್ರೂ ಸಮೇತ ಕಳಚಿ, ಉಳಿದ ಕೆಲಸವನ್ನು ಬೇರಿಂಗ್‌ನ ಭಯವಿಲ್ಲದೆ ಬೆಂಚಿನ ಮೇಲೆ ಮಾಡಬಹುದು. ಶಾಫ್ಟಿಗೆ ಬಿಟ್ ತಾಗಿ ಸಣ್ಣ ಗುಳಿ ಬಿದ್ದರೂ ಅದು ಹೊಸ ಸ್ಕ್ರೂ ಕೂರುವ ಜಾಗವೇ ಆಗಿರುತ್ತದೆ.

ಸ್ಪಾರ್ಕ್, ಪಟಿಕ, ಮತ್ತು ಬಿಟ್ಟುಬಿಡುವುದು

ಒಳಗೆ ಈಸಿ ಔಟ್ ಅಥವಾ ಕೀ ಮುರಿದಿದ್ದರೆ ಸ್ಪಾರ್ಕ್ ಎರೋಷನ್ ಒಂದೇ ಮರ್ಯಾದೆಯ ದಾರಿ. ಮುರಿದ ಟ್ಯಾಪ್ ತೆಗೆಯುವ ಈ ಯಂತ್ರ ಹಿತ್ತಾಳೆ ಅಥವಾ ತಾಮ್ರದ ಎಲೆಕ್ಟ್ರೋಡ್‌ನಿಂದ ಕಿಡಿ ಹಾರಿಸಿ ಲೋಹವನ್ನು ತಿನ್ನುತ್ತದೆ, ಗಡಸುತನ ಎಷ್ಟಿದ್ದರೂ ಅದಕ್ಕೆ ಒಂದೇ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಈ ಕೆಲಸ ಮಾಡಿಕೊಡುವವರು ಸಿಗುತ್ತಾರೆ. ಭಾಗವನ್ನು ಬಿಚ್ಚಿ ಒಯ್ಯಲು ಆಗಬೇಕು ಎಂಬುದಷ್ಟೇ ಷರತ್ತು. ಒಯ್ಯಲಾಗದ ಹೆಡ್‌ಸ್ಟಾಕ್ ಆದರೆ ಹೊತ್ತು ತರುವ ಸಣ್ಣ ಯಂತ್ರ ಇರುವವರನ್ನು ಕರೆಸಬೇಕು. ಸ್ಕ್ರೂವಿನ ಸುತ್ತಲಿನ ಭಾಗ ದುಬಾರಿಯಾದಷ್ಟೂ ಇದನ್ನು ಪಟ್ಟಿಯಲ್ಲಿ ಮೇಲಕ್ಕೆ ತರಬೇಕು.

ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಡಯಲ್‌ನಲ್ಲಿ ಸಣ್ಣ ಸ್ಕ್ರೂ ಮುರಿದು ಕೂತಿದ್ದರೆ ಗಡಿಯಾರ ರಿಪೇರಿಯವರ ಉಪಾಯ ಬಳಸಬಹುದು. ಕ್ಷೌರದಂಗಡಿಯಲ್ಲಿ ಕಾಣುವ ಅದೇ ಪಟಿಕವನ್ನು ಬಿಸಿ ನೀರಿನಲ್ಲಿ ಕರಗುವಷ್ಟೂ ಕರಗಿಸಿ, ಡಯಲನ್ನು ಅದರಲ್ಲಿ ಮುಳುಗಿಸಿ ಬಿಸಿಯಾಗಿಟ್ಟರೆ ಉಕ್ಕು ನಿಧಾನವಾಗಿ ಕರಗಿ ಕಪ್ಪು ಕೆಸರಾಗುತ್ತದೆ, ಹಿತ್ತಾಳೆ ಉಳಿಯುತ್ತದೆ. ದಿನಗಟ್ಟಲೆ ಹಿಡಿಯುವ ಕೆಲಸ. ಬೀಡು ಅಥವಾ ಉಕ್ಕಿನ ಭಾಗಕ್ಕೆ ಇದು ಸಲ್ಲದು, ಭಾಗವೇ ಕರಗುತ್ತದೆ.

ಇನ್ನು ಸ್ಕ್ರೂವನ್ನು ಇದ್ದಲ್ಲೇ ಬಿಟ್ಟುಬಿಡುವುದೂ ಒಂದು ಆಯ್ಕೆಯೇ. ತುದಿಯ ಹಿಡಿತ ಕಳೆದ ಮೇಲೆ ಹಳೆಯ ಸ್ಕ್ರೂವನ್ನು ಹಾಗೇ ಇರಗೊಟ್ಟು, 90 ಅಥವಾ 120 ಡಿಗ್ರಿ ಆಚೆ ಹೊಸ ರಂಧ್ರ ಕೊರೆದು ಟ್ಯಾಪ್ ಮಾಡಿದರೆ ಕಾಲರ್‌ಗಳ ಮಟ್ಟಿಗೆ ಏನೂ ಕೊರತೆಯಾಗುವುದಿಲ್ಲ. ಬಾಸ್‌ನ ಗೋಡೆ ತೆಳುವಾಗಿರುವ ಬೀಡಿನ ಪುಲ್ಲಿಗೆ ಮಾತ್ರ ಇದು ಬೇಡ. ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಪುಲ್ಲಿಯಾದರೆ ಹಳೆಯದನ್ನು ಗರಗಸದಿಂದ ಸೀಳಿ ಎಸೆದು ಹೊಸದನ್ನು ತರುವುದೇ ಎರಡು ದಿನದ ಕೂಲಿಗಿಂತ ಅಗ್ಗ.

ಸ್ಪಿಂಡಲ್ ಬೇರಿಂಗ್ ನಟ್ಟಿನ ವಿಷಯ ಬೇರೆ. ಅಲ್ಲಿ ಬಿಸಿಗೆ ಬೇರಿಂಗ್ ಅಡ್ಡಿ, ಸುತ್ತಿಗೆಗೂ ಬೇರಿಂಗ್ ಅಡ್ಡಿ, ವೆಲ್ಡಿಂಗಂತೂ ದೂರದ ಮಾತು. ಎಣ್ಣೆ, ಹೊಸದಾಗಿ ಗ್ರೈಂಡ್ ಮಾಡಿದ ಕೀ, ಆಮೇಲೆ ಬುಷ್ ಇಟ್ಟು ಎಡಸುತ್ತಿನ ಡ್ರಿಲ್: ಈ ಮೂರರಾಚೆ ಹೋಗಬಾರದು, ಕೊರೆದ ಪುಡಿ ಬೇರಿಂಗಿಗೆ ಬೀಳದಂತೆ ಸುತ್ತ ಗ್ರೀಸು ಮೆತ್ತಿ ಬಟ್ಟೆ ತುರುಕಬೇಕು. ಇಂಥ ನಟ್ಟಿನಲ್ಲಿ ಗ್ರಬ್ ಸ್ಕ್ರೂವಿನ ಕೆಳಗೆ ಹಿತ್ತಾಳೆಯ ಪುಟ್ಟ ಬಿಲ್ಲೆ ಇರುವುದು ವಾಡಿಕೆ. ಸ್ಕ್ರೂ ಬಂದ ಮೇಲೂ ನಟ್ಟು ತಿರುಗದಿದ್ದರೆ ಆ ಬಿಲ್ಲೆ ಸ್ಪಿಂಡಲ್‌ನ ಥ್ರೆಡ್ಡಿಗೆ ಕಚ್ಚಿಕೊಂಡಿದೆ ಎಂದರ್ಥ. ತಿರುಗಿ ಜೋಡಿಸುವಾಗ ಆ ಬಿಲ್ಲೆಯನ್ನು ಹೊಸದಾಗಿ ಕತ್ತರಿಸಿ ಹಾಕಿ, ಹೊಸ ಸ್ಕ್ರೂವಿನ ಥ್ರೆಡ್ಡಿಗೆ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟನ್ನೋ ಕಡಿಮೆ ಬಲದ ನೇರಳೆ ಲಾಕ್‌ಟೈಟ್ 222 ಅನ್ನೋ ಹಚ್ಚಿ, ಗುಳಿಯ ಬಾಯಿಗೆ ಗ್ರೀಸು ತುಂಬಿ ಮುಚ್ಚಬೇಕು.